ಮಹಡಿ ಮೇಲಿದ್ದ ಜಲ್ಲಿ: ಬೆಂಗಳೂರು ಶಿವಾಜಿನಗರದ ಒಂದು ಬೀದಿ, 2024ರ ಸೆಪ್ಟೆಂಬರ್

ಸ್ವಲ್ಪ ದಿನದ ಹಿಂದೆ ಸೋಶಿಯಲ್ ವರ್ಕ್ ಓದೋ ಹುಡುಗೀರು ನಾಲ್ಕು ಜನ ಬಂದು "ಅಕ್ಕ, ನಿಮ್ಮ ಬೀದಿಲಿ 2024ರ ಗಣೇಶನ ಮೆರವಣಿಗೆ ಹೊತ್ತಲ್ಲಿ ಗಲಾಟೆ ಆಗದೆ ಉಳಿದಿದ್ದು ಹೇಗೆ ಹೇಳಿ" ಅಂತ ಕೇಳಿದ್ರು. ಟೀ ಕುಡಿಯೋಷ್ಟು ಹೊತ್ತಲ್ಲಿ ಏನೋ ಹೇಳಿ ಕಳಿಸಿದೆ, ರಾತ್ರಿ ಮಲಗಿದಾಗ ಅನ್ನಿಸ್ತು ನಾನು ಹೇಳಿದ್ದು ಚೆನ್ನಾಗಿರೋ ಅರ್ಧ ಮಾತ್ರ ಅಂತ. ಗಲಾಟೆ ಆದ್ರೆ ಎಫ್‌ಐಆರ್ ಇರುತ್ತೆ, ಪೇಪರಲ್ಲಿ ಫೋಟೋ ಇರುತ್ತೆ, ಆಗದೆ ಇದ್ದಿದ್ದಕ್ಕೆ ಯಾವ ದಾಖಲೆನೂ ಇರಲ್ಲ, "ದೇವರು ದೊಡ್ಡೋನು, ಏನೂ ಆಗ್ಲಿಲ್ಲ" ಅಂದ್ಬಿಟ್ಟು ಎಲ್ಲರೂ ಅವರವರ ಕೆಲಸಕ್ಕೆ ಹೋಗ್ತಾರೆ. ಅದಕ್ಕೆ ಪೂರ್ತಿ ಬರೀತಿದೀನಿ, ನಾವು ಮಾಡಿದ ತಪ್ಪನ್ನೂ ಸೇರಿಸಿ. ಬೀದಿ ಹೆಸರು, ಜನರ ಹೆಸರು ಬೇಕಂತಲೇ ಹಾಕಿಲ್ಲ, ಅವರೆಲ್ಲ ಇಲ್ಲೇ ಬದುಕಬೇಕು.

ನಾನು ಹುಟ್ಟಿ ಬೆಳೆದಿದ್ದು ಇಲ್ಲೇ. ಅಮ್ಮ ಇರೋ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಆರು ವರ್ಷದಿಂದ ನಾನೇ ಬರೀತಿದೀನಿ. ಈ ಪುಸ್ತಕದ ವಿಷಯ ಮುಂದೆ ಬರುತ್ತೆ.

ಬೀದಿ, ಮತ್ತೆ ಆ ವರ್ಷದ ಕ್ಯಾಲೆಂಡರ್

ನಮ್ಮ ಬೀದಿಯಿಂದ ರಸೆಲ್ ಮಾರ್ಕೆಟ್‌ಗೆ ನಡ್ಕೊಂಡೇ ಹೋಗಬಹುದು, ಮಹಡಿ ಹತ್ತಿದ್ರೆ ಸೇಂಟ್ ಮೇರೀಸ್ ಬೆಸಿಲಿಕಾದ ಗೋಪುರ ಕಾಣುತ್ತೆ. ಅರ್ಧ ಮನೆಗಳಲ್ಲಿ ದಖನಿ, ಅಂದ್ರೆ ನಮ್ಮ ಕಡೆ ಉರ್ದು ಮಾತಾಡ್ತಾರೆ, ಉಳಿದ ಅರ್ಧದಲ್ಲಿ ತಮಿಳೂ ಕನ್ನಡವೂ, ಅಂಗಡಿಯವರಿಗೆ ಮೂರೂ ಬರುತ್ತೆ. ಗಣೇಶನ ಗುಡಿ ಮುಂದಿನ ಕಟ್ಟೆಯಿಂದ ಮಸೀದಿ ಗೇಟ್‌ವರೆಗೆ ಇನ್ನೂರು ಹೆಜ್ಜೆ ಇರಬಹುದು. ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಬಾವುಟ ಹಾರಿಸಿದ್ರೆ ಸೆಪ್ಟೆಂಬರ್ 8ರ ಹಬ್ಬದವರೆಗೂ ಜನವೋ ಜನ. ಹರಕೆ ಹೊತ್ತ ಹೆಂಗಸರು ಕಾವಿ ಬಣ್ಣದ ಸೀರೆ ಉಟ್ಟು ಬರಿಗಾಲಲ್ಲಿ ನಡ್ಕೊಂಡು ಹೋಗ್ತಾರೆ, ಹೊರಗಿನವರು ನೋಡಿದ್ರೆ ಯಾವ ದೇವರ ಹರಕೆ ಅಂತ ಗೊತ್ತೇ ಆಗಲ್ಲ, ಅದು ಮರಿಯಮ್ಮನಿಗೆ, ಯೇಸುವಿನ ತಾಯಿ ಮೇರಿಗೆ. ನಮ್ಮಮ್ಮನೂ ನನಗೆ ಟೈಫಾಯ್ಡ್ ಆದಾಗ ಅಲ್ಲಿಗೆ ಹರಕೆ ಹೊತ್ತೋಳೇ.

2024ರಲ್ಲಿ ಏನಾಯ್ತು ಅಂದ್ರೆ ಮೂರೂ ಒಟ್ಟಿಗೆ ಬಂತು. ಸೆಪ್ಟೆಂಬರ್ 7 ಶನಿವಾರ ಗಣೇಶ ಚೌತಿ, ಮಾರನೇ ದಿನ ಭಾನುವಾರ ಮರಿಯಮ್ಮನ ಹಬ್ಬ, ತೇರು, 16 ಸೋಮವಾರ ಈದ್ ಮಿಲಾದ್. ನಮ್ಮ ಗಣೇಶ ಒಂಬತ್ತನೇ ದಿನಕ್ಕೆ ಹಲಸೂರು ಕೆರೆ ಕಲ್ಯಾಣಿಗೆ ಹೋಗೋದು ವಾಡಿಕೆ, ಅಂದ್ರೆ 15 ಭಾನುವಾರ ಸಂಜೆ, ಅಂದ್ರೆ ಮಿಲಾದ್ ಲೈಟಿಂಗ್ ಎಲ್ಲಾ ಹತ್ತಿ ಉರೀತಿರೋ ಹಿಂದಿನ ರಾತ್ರಿ. ಮೆರವಣಿಗೆ ಹೋಗಬೇಕಾದ ದಾರಿಗೆ ಅಡ್ಡವಾಗಿ ಮಿಲಾದ್ ಕಮಾನು.

ಮೊದಲನೇ ತಕರಾರು ಇದೇ ಕಮಾನಿಂದ ಶುರುವಾಗಿದ್ದು. ಟೆಂಪೋ ಮೇಲೆ ಕೂರಿಸಿದ್ರೆ ಗಣೇಶನ ಛತ್ರಿ ತುದಿ ಕಮಾನಿಗೆ ತಗಲುತ್ತೆ ಅಂತ ಒಬ್ರು, ತಗಲಿದ್ರೆ ಕಮಾನು ಬಿಚ್ಚಿಸಿ ಅಂತ ಇನ್ನೊಬ್ರು, ಬಿಚ್ಚೋಕೆ ನಾವೇನು ನಿಮ್ಮ ಕೂಲಿಗಳಾ ಅಂತ ಮತ್ತೊಬ್ರು. ಎರಡೂ ಕಡೆ ಇಪ್ಪತ್ತು ವರ್ಷದ ಹುಡುಗರು, ಮಾತು ಬೇಗ ಏರುತ್ತೆ. ಅಂತೂ ಬಗೆಹರಿಸಿದ್ದು ಶಾಮಿಯಾನದ ಅಣ್ಣ. ಗಣೇಶನ ಪೆಂಡಾಲ್ ಹಾಕೋದೂ ಅವರೇ, ಮಿಲಾದ್ ಕಮಾನು ಕಟ್ಟೋದೂ ಅವರೇ, ಬೆಸಿಲಿಕಾ ಹಬ್ಬಕ್ಕೆ ಚಪ್ಪರ ಹಾಕೋಕೂ ಅವರ ಹುಡುಗರೇ ಹೋಗೋದು. ಒಂದು ಬಿದಿರು ಗಳ ತಂದು ಟೆಂಪೋ ಪಕ್ಕ ನಿಲ್ಲಿಸಿ ಛತ್ರಿ ತುದಿ ಎಲ್ಲಿಗೆ ಬರುತ್ತೋ ಅಲ್ಲಿಗೆ ಸುಣ್ಣದಲ್ಲಿ ಗುರುತು ಹಾಕಿದ್ರು, ಅದೇ ಗಳ ಎತ್ಕೊಂಡು ಹೋಗಿ ಕಮಾನಿನ ಕೆಳಗೆ ನಿಲ್ಲಿಸಿದ್ರು, ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿನೇ ಕಮ್ಮಿ ಬಿತ್ತು. "ಎರಡು ಸರ್ವೆ ಕಂಬ ಜಾಸ್ತಿ ಕೊಡ್ತೀನಿ, ಬಾಡಿಗೆ ಬೇಡ, ಬಾಯಿ ಮುಚ್ಕೊಂಡು ಹಗ್ಗ ಹಿಡೀರಿ" ಅಂದ್ರು. ಎರಡೂ ಕಡೆ ಹುಡುಗರು ಸೇರಿ ಕಮಾನು ಮೇಲಕ್ಕೆ ಎತ್ತಿ ಕಟ್ಟಿದ್ರು. ಇದು 10ನೇ ತಾರೀಕು ಮಂಗಳವಾರ ರಾತ್ರಿ. ಅಲ್ಲಿಗೆ ಮುಗೀತು ಅಂದ್ಕೊಂಡ್ವಿ.

11ನೇ ತಾರೀಕು ರಾತ್ರಿ ನಾಗಮಂಗಲ

ಬುಧವಾರ ರಾತ್ರಿ ಮಂಡ್ಯ ಜಿಲ್ಲೆ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ಹೊತ್ತಲ್ಲಿ ಕಲ್ಲು ತೂರಾಟ ಆಗಿ ಅಂಗಡಿಗಳಿಗೆ ಬೆಂಕಿ ಬಿತ್ತು. ಆ ಉರೀತಿರೋ ಅಂಗಡಿಗಳ ವಿಡಿಯೋ ಬೆಳಗ್ಗೆ ಎದ್ದೇಳೋಷ್ಟರಲ್ಲಿ ನಮ್ಮೆಲ್ಲರ ಫೋನಲ್ಲಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಜನಕ್ಕೆ ಸುದ್ದಿ ಅಂದ್ರೆ ಬರೀ ಸುದ್ದಿ ಅಲ್ಲ, ಅದರ ಹಿಂದೆ ಹಳೇ ಗಾಯ ಇದೆ. 1994ರ ಅಕ್ಟೋಬರಲ್ಲಿ ದೂರದರ್ಶನದಲ್ಲಿ ಉರ್ದು ವಾರ್ತೆ ಶುರು ಮಾಡಿದ್ದಕ್ಕೆ ಬೆಂಗಳೂರಲ್ಲಿ ಗಲಭೆ ಎದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ರು, ಅಮ್ಮ ಆಗ ಹೊಸದಾಗಿ ಮದುವೆಯಾಗಿ ಬಂದಿದ್ಲಂತೆ, ಎರಡು ದಿನ ಹಾಲಿಲ್ಲದೆ ಒಳಗೇ ಇದ್ರಂತೆ. 2012ರ ಆಗಸ್ಟಲ್ಲಿ ಅಸ್ಸಾಮಲ್ಲಿ ಏನೋ ಆಯ್ತು ಅಂತ ಇಲ್ಲಿ ಎಸ್ಎಂಎಸ್ ಹರಡಿ ಈಶಾನ್ಯ ರಾಜ್ಯದ ಸಾವಿರಾರು ಹುಡುಗರು ಹುಡುಗೀರು ಸಿಟಿ ರೈಲ್ವೇ ಸ್ಟೇಷನ್‌ಗೆ ಓಡಿದ್ರು, ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಡಬೇಕಾಯ್ತು, ಸರ್ಕಾರ ದಿನಕ್ಕೆ ಐದೇ ಎಸ್ಎಂಎಸ್ ಅಂತ ಮಿತಿ ಹಾಕ್ತು. ರಂಜಾನ್ ಉಪವಾಸದಲ್ಲಿದ್ದ ಮುಸ್ಲಿಂ ಮುಖಂಡರು ಪ್ಲಾಟ್‌ಫಾರ್ಮಿಗೇ ಹೋಗಿ "ಹೋಗಬೇಡಿ, ನಾವಿದ್ದೀವಿ" ಅಂತ ಕೇಳ್ಕೊಂಡ್ರು, ಆದ್ರೆ ಅಷ್ಟೊತ್ತಿಗೆ ಭಯ ಟಿಕೆಟ್ ತಗೊಂಡಾಗಿತ್ತು. ಆಮೇಲೆ 2020ರ ಆಗಸ್ಟ್ 11, ಒಂದು ಫೇಸ್‌ಬುಕ್ ಪೋಸ್ಟಿಂದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ, ಕಾವಲ್ ಬೈರಸಂದ್ರ ಹತ್ತಿ ಉರೀತು, ಶಾಸಕರ ಮನೆ ಸುಟ್ರು, ಠಾಣೆ ಮೇಲೆ ದಾಳಿ ಆಯ್ತು, ಪೊಲೀಸ್ ಗುಂಡಿಗೆ ಮೂರು ಜನ ಸತ್ರು. ಅದೇ ರಾತ್ರಿ ಮುಸ್ಲಿಂ ಹುಡುಗರು ಕೈ ಕೈ ಹಿಡ್ಕೊಂಡು ಆಂಜನೇಯನ ಗುಡಿ ಸುತ್ತ ನಿಂತಿದ್ದ ವಿಡಿಯೋ ನೀವೂ ನೋಡಿರ್ತೀರ. ನನಗೆ ಆ ವಿಡಿಯೋ ನೋಡಿದಾಗಲೆಲ್ಲ ಗಂಟಲು ಕಟ್ಟುತ್ತೆ, ಜೊತೆಗೆ ಒಂದು ಯೋಚನೆನೂ ಬರುತ್ತೆ: ಬೆಂಕಿ ಹತ್ತಿದ ಮೇಲೆ ಮೈ ಒಡ್ಡಿ ನಿಲ್ಲಬೇಕಾಗಿ ಬಂದ ಹುಡುಗರು ಅವರು, ಬೆಂಕಿ ಹತ್ತೋ ಮುಂಚಿನ ಗಂಟೆಗಳಲ್ಲಿ ಅವರ ಕೈಗೆ ಮಾಡೋಕೆ ಒಂದು ಕೆಲಸ ಯಾರೂ ಕೊಟ್ಟಿರಲಿಲ್ಲ.

12ನೇ ತಾರೀಕು ಮಧ್ಯಾಹ್ನ ಎರಡು ವಾಯ್ಸ್ ನೋಟ್ ಓಡಾಡೋಕೆ ಶುರುವಾಯ್ತು. ಒಂದು ಕನ್ನಡದ್ದು: "ನಾಗಮಂಗಲದ ಥರಾನೇ ನಮ್ಮ ಏರಿಯಾದಲ್ಲೂ ಮಹಡಿ ಮೇಲೆ ಕಲ್ಲು ರಾಶಿ ಹಾಕಿಟ್ಟಿದಾರೆ, ಮೆರವಣಿಗೆಗೆ ಹೆಣ್ಮಕ್ಕಳನ್ನ ಕರ್ಕೊಂಡು ಬರಬೇಡಿ." ಜೊತೆಗೆ ಒಂದು ಫೋಟೋ, ಮಹಡಿ, ನೀರಿನ ಟ್ಯಾಂಕ್, ಅದರ ಪಕ್ಕ ಮೊಣಕಾಲೆತ್ತರ ಕಲ್ಲಿನ ರಾಶಿ. ಇನ್ನೊಂದು ದಖನಿಲಿ: ಭಾನುವಾರ ಹೊರಗಿಂದ ಹುಡುಗರನ್ನ ಕರೆಸ್ತಿದಾರೆ, ಕಮಾನು ಕಿತ್ತು ಹಾಕ್ತಾರೆ ಅಂತ. ಮೊದಲನೇದು ನಮ್ಮ ಮನೆಗಳಿಗೆ ಬಂತು, ಎರಡನೇದು ಅವರ ಮನೆಗಳಿಗೆ. ಅವರ ಭಯದ ಬಗ್ಗೆ ನಮಗೆ ಗೊತ್ತಿಲ್ಲ, ನಮ್ಮ ಭಯದ ಬಗ್ಗೆ ಅವರಿಗೆ ಗೊತ್ತಿಲ್ಲ, ಗೋಡೆ ಮಾತ್ರ ಒಂದೇ.

ಗುರುವಾರದ ಮೀಟಿಂಗ್

ಅವತ್ತು ಗುರುವಾರ. ನಮ್ಮ ಸಂಘದ ಮೀಟಿಂಗ್ ಪ್ರತಿ ಗುರುವಾರ ಸಂಜೆ ಅಂಗನವಾಡಿಲಿ. ಸದಸ್ಯರು ಹದಿನಾರು ಜನ, ಏಳು ಜನ ಮುಸ್ಲಿಮರು, ಐದು ಜನ ಹಿಂದೂಗಳು, ನಾಲ್ಕು ಜನ ಕ್ರಿಶ್ಚಿಯನ್ನರು. ಈ ಲೆಕ್ಕ ನಾನು ಈಗ ಬರೆಯೋಕೆ ಅಂತ ಕೂತು ಎಣಿಸಿದ್ದು, ಅಲ್ಲಿ ಯಾರೂ ಎಣಿಸಿರಲಿಲ್ಲ. ವಾರಕ್ಕೆ ಐವತ್ತು ರೂಪಾಯಿ ಕಟ್ಟೋದು, ಬೇಕಾದವರು ಸಾಲ ತಗೊಳ್ಳೋದು, ಕಂತು ತಪ್ಪಿದ್ರೆ ಜಗಳ ಆಡೋದು. ಮೈತ್ರಿ, ಸೌಹಾರ್ದ ಅಂತೆಲ್ಲ ಮಾತು ನಮ್ಮ ಸಂಘದಲ್ಲಿ ಯಾರ ಬಾಯಲ್ಲೂ ಬಂದಿದ್ದಿಲ್ಲ. ಆದ್ರೆ ಯಾರ ಗಂಡ ಕುಡೀತಾನೆ, ಯಾರ ಮಗಳಿಗೆ ಫೀಸ್ ಕಟ್ಟೋಕಾಗ್ಲಿಲ್ಲ, ಯಾರ ಒಡವೆ ಅಡ ಇದೆ, ಎಲ್ಲಾ ಎಲ್ಲರಿಗೂ ಗೊತ್ತು. ದುಡ್ಡಿನ ವಿಷಯದಲ್ಲಿ ಒಬ್ಬರನ್ನೊಬ್ಬರು ನಂಬಿರೋ ಜನ, ಒಬ್ಬಳು ಕಟ್ಟದೇ ಇದ್ರೆ ಇನ್ನೊಬ್ಬಳಿಗೆ ಸಾಲ ಸಿಗಲ್ಲ.

ಅವತ್ತು ಬಂದವರು ಒಂಬತ್ತೇ ಜನ. ಯಾರೂ ವಾಯ್ಸ್ ನೋಟ್ ವಿಷಯ ಎತ್ತಲಿಲ್ಲ, ಸುಮ್ಮನೆ ದುಡ್ಡು ಎಣಿಸಿ ಕೊಡ್ತಿದ್ರು. ಕಡೆಗೆ ಇಡ್ಲಿ ಅಂಗಡಿ ಇಟ್ಟಿರೋ ತಮಿಳು ಅಕ್ಕ ಫೋನ್ ತೆಗೆದು ಆ ಫೋಟೋನ ಎಲ್ಲರ ಮುಂದೆ ಹಿಡಿದು "ಇದು ಯಾರ ಮನೆ ಮಹಡಿ, ನಿಜ ಹೇಳಿ" ಅಂದ್ರು. ನಾವು ಆಪಾ (ಅಕ್ಕ) ಅಂತ ಕರೆಯೋರು ಒಬ್ರಿದಾರೆ, ಟೈಲರಿಂಗ್ ಮಾಡ್ತಾರೆ, ನನಗೆ ಚಿಕ್ಕಂದಿನಿಂದ ಲಂಗ ಹೊಲಿದು ಕೊಟ್ಟೋರು, ಅವರು ಫೋನ್ ಇಸ್ಕೊಂಡು ನೋಡಿದ್ರು, ಕನ್ನಡಕ ಹಾಕ್ಕೊಂಡು ಮತ್ತೆ ನೋಡಿದ್ರು, ಮುಖ ಬಿಳುಚ್ಕೊಳ್ತು. "ನಂದೇ" ಅಂದ್ರು.

ನಾನು ಪುಸ್ತಕ ತಿರುವಿದೆ. ಜುಲೈ ತಿಂಗಳ ಪುಟದಲ್ಲಿ ನನ್ನ ಅಕ್ಷರದಲ್ಲೇ ಇದೆ: ಸಾಲ 30,000, ಉದ್ದೇಶ ಮಹಡಿ ಮೇಲೆ ಬಾತ್‌ರೂಮ್, ಜಲ್ಲಿ ಮತ್ತು ಹಾಲೋ ಬ್ಲಾಕ್. ಅತ್ತೆಗೆ ಮೆಟ್ಟಿಲಿಳಿದು ಕೆಳಗೆ ಬರೋಕಾಗಲ್ಲ ಅಂತ ತಗೊಂಡಿದ್ದು, ಜಾಮೀನಿಗೆ ಸಹಿ ಹಾಕಿದ್ದು ನಮ್ಮಮ್ಮ. ಕೆಲಸ ಯಾಕೆ ನಿಂತಿತ್ತು ಗೊತ್ತಾ? ಗಾರೆ ಮೇಸ್ತ್ರಿ ರಾಯಚೂರು ಕಡೆಯೋರು, ಗೌರಿ ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ರು. ಗಣೇಶನ ಹಬ್ಬಕ್ಕೆ ಅಂತ ಬಿಟ್ಟು ಹೋದ ಜಲ್ಲಿ ಅದು.

ಆಮೇಲೆ ಆಪಾ ಅವರಿಗೆ ಬಂದಿದ್ದ ವಾಯ್ಸ್ ನೋಟ್ ಹಾಕಿ ಕೇಳಿಸಿದ್ರು. ನಮ್ಮ ಕಡೆಯೋರು ಅದನ್ನ ಮೊದಲ ಸಲ ಕೇಳಿದ್ದು. ಗಣೇಶ ಸಮಿತಿ ಕ್ಯಾಷಿಯರ್ ಹೆಂಡತಿ ನಮ್ಮ ಸಂಘದೋರೇ, ಅವರು ಅಲ್ಲೇ ಗಂಡನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ "ಹೊರಗಿನ ಹುಡುಗರನ್ನ ಕರೆಸ್ತಿದೀರಾ? ದೇವರ ಮೇಲೆ ಆಣೆ ಮಾಡಿ ಹೇಳ್ರಿ" ಅಂದ್ರು. ಆಯಪ್ಪ ಕಕ್ಕಾಬಿಕ್ಕಿ. ತಮಟೆಯವರು ಆರು ಜನ ಬರ್ತಾರೆ ಕಣೇ, ಇನ್ಯಾರೂ ಇಲ್ಲ, ಟೆಂಪೋ ಬಾಡಿಗೆಗೇ ದುಡ್ಡು ಸಾಲ್ತಿಲ್ಲ ಅಂದ್ರು.

ಇಷ್ಟಾಗೋಕೆ ಅರ್ಧ ಗಂಟೆ ಹಿಡೀತು. ಪೊಲೀಸರಿಗೆ, ಸಮಿತಿ ಅಧ್ಯಕ್ಷರಿಗೆ, ಮಸೀದಿ ಕಮಿಟಿಗೆ ಆ ಹೊತ್ತಲ್ಲಿ ಗೊತ್ತಿರದೇ ಇದ್ದ ಎರಡೂ ಉತ್ತರ ಒಂದು ಅಂಗನವಾಡಿಲಿ ಚಾಪೆ ಮೇಲೆ ಕೂತಿದ್ದ ಒಂಬತ್ತು ಜನ ಹೆಂಗಸರ ಹತ್ರ ಇತ್ತು, ಅವರನ್ನ ಯಾರೂ ಕೇಳಿರಲಿಲ್ಲ.

ಹುಡುಗರು

ಹೆಂಗಸರ ಹತ್ರ ಉತ್ತರ ಇತ್ತು, ಆದ್ರೆ ಅದನ್ನ ಫೋನಿಂದ ಫೋನಿಗೆ ತಲುಪಿಸೋಕೆ ನಮ್ಮ ಕೈಲಿ ಆಗ್ತಿರಲಿಲ್ಲ. ಅದಕ್ಕೆ ನಮ್ಮ ಕ್ರಿಕೆಟ್ ಟೀಮ್ ಹುಡುಗರು. ಕೋವಿಡ್ ಎರಡನೇ ಅಲೆ ಹೊತ್ತಲ್ಲಿ ಇವರೇ ಆಕ್ಸಿಜನ್ ಸಿಲಿಂಡರ್ ಹೊತ್ತಿದ್ದು, ಹೆಣ ಹೊತ್ತಿದ್ದು, ಅವತ್ತು ಮಾಡ್ಕೊಂಡ ವಾಟ್ಸಾಪ್ ಗ್ರೂಪ್ ಇನ್ನೂ ಇದೆ, ನಲವತ್ತು ಜನ, ಅರ್ಧ ಜನ ಫುಡ್ ಡೆಲಿವರಿ ಮಾಡೋರು, ಊರೆಲ್ಲ ಸುತ್ತೋರು. ನನ್ನ ತಮ್ಮ ಅದರಲ್ಲಿದಾನೆ. ಅವನಿಗೆ ಹೇಳಿದೆ, ಅವನು ಆಪಾ ಮಗನಿಗೆ ಹೇಳ್ದ, ಇಬ್ಬರೂ ಸೇರಿ ಎರಡು ಕೆಲಸ ಮಾಡಿದ್ರು.

ಮೊದಲನೇದು, ಬೇರೆ ಏರಿಯಾದ ಡೆಲಿವರಿ ಹುಡುಗರನ್ನ ಕೇಳಿದ್ರು, ನಿಮ್ಮ ಕಡೆನೂ ಇದೇ ದನಿ ಬಂದಿದ್ಯಾ ಅಂತ. ಕೆ.ಆರ್. ಪುರದಿಂದ, ಜೆ.ಜೆ. ನಗರದಿಂದ ಬಂದಿದೆ ಅಂದ್ರು, ಅದೇ ದನಿ, ಅದೇ ಮಾತು, "ನಮ್ಮ ಏರಿಯಾ" ಅಂತ. ಎಲ್ಲಾ ಏರಿಯಾಗೂ ಹೊಂದೋ ಥರ ಮಾಡಿದ್ದ ಮಾತು ಅದು. ಮೆಸೇಜ್ ಮೇಲೆ ಜೋಡಿ ಬಾಣದ ಗುರುತು ಬೇರೆ ಇತ್ತು, ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದಿದೆ ಅಂತ ವಾಟ್ಸಾಪ್ ತಾನೇ ತೋರಿಸೋ ಗುರುತು. 2020ರ ಏಪ್ರಿಲಿಂದ ಅಂಥ ಮೆಸೇಜ್‌ನ ಒಂದು ಸಲಕ್ಕೆ ಒಬ್ಬರಿಗೆ ಇಲ್ಲಾ ಒಂದು ಗ್ರೂಪಿಗೆ ಮಾತ್ರ ಕಳಿಸೋಕಾಗೋದು, ಆದ್ರೂ ಜನ ಒಬ್ಬೊಬ್ಬರಿಗೇ ಕೂತು ಕಳಿಸಿದ್ರಲ್ಲ ಅನ್ನೋದೇ ನನಗೆ ಸಂಕಟ.

ಫೋಟೋ ಮಾತ್ರ ಹೊರಗಿಂದು ಅಲ್ಲ. ಅದರಲ್ಲಿ ಜೋಡಿ ಬಾಣ ಇರಲಿಲ್ಲ. ಎದುರು ಮಹಡಿಯಿಂದ ತೆಗೆದಿದ್ದು ಅಂತ ನೋಡಿದ್ರೇನೇ ಗೊತ್ತಾಗ್ತಿತ್ತು. ತೆಗೆದಿದ್ದು ನಮ್ಮ ಗಣೇಶ ಕೂರಿಸೋ ಹುಡುಗ, ಹದಿನೇಳು ವರ್ಷ, ಅವನ ತಾಯಿನೂ ನಮ್ಮ ಸಂಘದ ಸದಸ್ಯೆ.

ಎರಡನೇ ಕೆಲಸ, ರಾತ್ರಿಯೇ ಎಲ್ಲಾ ಗ್ರೂಪಿಗೂ ಹೋಗೋ ಹಾಗೆ ಒಂದು ವಿಡಿಯೋ ಮಾಡೋದು ಅಂತ ಆಯ್ತು. ಆಪಾ ಮಹಡಿ ಹತ್ತಿ, ಜಲ್ಲಿ ತೋರಿಸಿ, ಇದು ಬಾತ್‌ರೂಮಿಗೆ ಅಂತ ಹೇಳೋದು. ಆಪಾ ಒಪ್ಪಿದ್ರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದ್ರೆ ಯಾರೋ ಅಂದ್ರು, ವಿಡಿಯೋ ನಂಬದೇ ಇರೋರು ಇರ್ತಾರೆ, ಭಾನುವಾರ ಯಾವನಾದ್ರೂ ಒಬ್ಬ ಆ ಮಹಡಿ ಕಡೆ ಬೆರಳು ತೋರಿಸಿದ್ರೆ ಸಾಕು, ಅದಕ್ಕೆ ಜಲ್ಲಿನೇ ಕೆಳಗೆ ಇಳಿಸಿಬಿಡೋಣ. ಅಂದಿದ್ದು ಯಾರೋ ಅಲ್ಲ, ನಾನೇ.

ಬಾಂಡ್ಲಿ

ರಾತ್ರಿ ಒಂಬತ್ತೂವರೆಗೆ ಶುರು ಮಾಡಿದ್ವಿ. ಆಪಾ ಯಜಮಾನರು ಬಾಗಿಲಲ್ಲಿ ನಿಂತಿದ್ರು, ಕೈ ಕಟ್ಕೊಂಡು. "ನನ್ನ ಮನೆ, ನನ್ನ ಜಲ್ಲಿ, ನನ್ನ ದುಡ್ಡು. ನಾನ್ಯಾಕೆ ಇಳಿಸ್ಬೇಕು?" ಅಂತ ಒಂದೇ ಸಲ ಕೇಳಿದ್ರು, ಜೋರಾಗಿ ಕೂಡ ಅಲ್ಲ. ಯಾರ ಹತ್ರನೂ ಉತ್ತರ ಇರಲಿಲ್ಲ. ಆಪಾ ಅವರ ಪಕ್ಕದಿಂದ ಹಾದು ಮೆಟ್ಟಿಲು ಹತ್ತಿದ್ರು, ನಾವು ಹಿಂದೆ ಹೋದ್ವಿ.

ಆ ಮನೆ ಮೆಟ್ಟಿಲು ತುಂಬಾ ಕಿರಿದು, ಒಬ್ಬರು ಹತ್ತಿದ್ರೆ ಇನ್ನೊಬ್ಬರು ಗೋಡೆಗೆ ಒರಗಬೇಕು. ಅದಕ್ಕೇ ಸಾಲಾಗಿ ನಿಂತ್ವಿ, ಮೇಲೆ ಇಡ್ಲಿ ಅಂಗಡಿ ಅಕ್ಕ ಸಲಿಕೆಲಿ ತುಂಬಿಸೋದು, ಆಪಾ ಎತ್ತಿ ಕೊಡೋದು, ಆಮೇಲೆ ನಾನು, ನನ್ನ ಕೆಳಗಿನ ಮೆಟ್ಟಿಲಲ್ಲಿ ಅಮ್ಮ, ಅವಳ ಕೆಳಗೆ ಕ್ಯಾಷಿಯರ್ ಹೆಂಡತಿ, ಬಾಗಿಲಾಚೆ ಹುಡುಗರು ಗೋಣಿಚೀಲಕ್ಕೆ ಹಾಕ್ಕೊಳ್ಳೋದು. ಬಾಂಡ್ಲಿ ಅಂಚು ಅಂಗೈ ಮಧ್ಯಕ್ಕೆ ಕೊರೀತಿತ್ತು, ದುಪಟ್ಟಾ ಸುತ್ಕೊಂಡೆ, ಸ್ವಲ್ಪ ಹೊತ್ತಿಗೆ ದುಪಟ್ಟಾನೂ ಹರೀತು. ಒಳಗಿನ ಕೋಣೆಯಿಂದ ಆಪಾ ಅತ್ತೆ ಆಗಾಗ "ಕ್ಯಾ ಹೋರಾ ಜೀ?" ಅಂತ ಕೇಳ್ತಾನೇ ಇದ್ರು, ಆಪಾ ಪ್ರತಿ ಸಲನೂ "ಕುಚ್ ನೈ ಅಮ್ಮೀ, ಕಾಮ್ ಹೈ" ಅಂತ ಒಂದೇ ದನಿಲಿ ಉತ್ತರ ಕೊಡ್ತಿದ್ರು. ಹನ್ನೆರಡು ಗಂಟೆ ದಾಟಿದ್ಮೇಲೆ ಮುಗೀತು. ಕೊನೇ ಬಾಂಡ್ಲಿ ಕೊಟ್ಟಾದ ಮೇಲೆ ಆಪಾ ಪೊರಕೆ ತಗೊಂಡು ಮಹಡಿ ಗುಡಿಸಿದ್ರು, ಒಂದು ಚೂರು ಕಲ್ಲೂ ಇರಬಾರದು ಅಂತ ಟಾರ್ಚ್ ಬಿಟ್ಕೊಂಡು ಮೂಲೆ ಮೂಲೆ ಗುಡಿಸಿದ್ರು. ಅದನ್ನ ನೋಡ್ತಾ ನಿಂತಿದ್ದಾಗ ನನಗೆ ಏನೋ ತಪ್ಪಾಗ್ತಿದೆ ಅಂತ ಅನ್ನಿಸಿದ್ದು.

ಶಾಂತಿ ಸಭೆ, ಮತ್ತೆ ಭಾನುವಾರ

13 ಶುಕ್ರವಾರ ಸಂಜೆ ಠಾಣೆಲಿ ಶಾಂತಿ ಸಭೆ ಕರೆದ್ರು. ಎರಡೂ ಕಡೆ ಹಿರಿಯರು, ಹಾರ, ಟೀ ಬಿಸ್ಕತ್ತು, ಗ್ರೂಪ್ ಫೋಟೋ. ಹೆಂಗಸರು ಯಾರನ್ನೂ ಕರೆದಿರಲಿಲ್ಲ, ಮೂವತ್ತು ವರ್ಷದ ಒಳಗಿನವರೂ ಯಾರೂ ಇರಲಿಲ್ಲ. ಸಭೆ ಬೇಡ ಅಂತ ನಾನು ಹೇಳ್ತಿಲ್ಲ, ಅದರಿಂದ ಕೆಲಸ ಆಯ್ತು: ಮೆರವಣಿಗೆ ದಾರಿ ಯಾವುದು, ಡಿಜೆ ಇಲ್ಲ ತಮಟೆ ಮಾತ್ರ, ಸೂರ್ಯ ಮುಳುಗಿದ ಕೂಡಲೇ ಮಾಡೋ ಮಗ್ರಿಬ್ ನಮಾಜಿಗೆ ಮುಂಚೆ ಮಸೀದಿ ದಾಟೋದು ಅಂತ ಬರೆದು ಸಹಿ ಹಾಕಿದ್ರು. ಸುಳ್ಳು ಮೆಸೇಜ್ ಹಂಚಿದ್ರೆ ಜನರ ಮಧ್ಯೆ ದ್ವೇಷ ಹುಟ್ಟಿಸೋದಕ್ಕೆ ಇದ್ದ ಐಪಿಸಿಯ ಹಳೇ 153ಎ ಸೆಕ್ಷನ್ ಈಗ ಹೊಸ ಕಾನೂನು ಭಾರತೀಯ ನ್ಯಾಯ ಸಂಹಿತೆಲಿ (ಬಿಎನ್‌ಎಸ್) 196 ಆಗಿದೆ, ಕೇಸ್ ಹಾಕ್ತೀವಿ ಅಂತಾನೂ ಹೇಳಿದ್ರಂತೆ. ಸಭೆಲಿ ಕಾಟನ್‌ಪೇಟೆ ಕಡೆ ನೆಂಟಸ್ತಿಕೆ ಇರೋ ತಾತ ಒಬ್ರು ಎದ್ದು "ಧರ್ಮರಾಯಸ್ವಾಮಿ ಕರಗವೇ ತವಕ್ಕಲ್ ಮಸ್ತಾನ್ ದರ್ಗಾಗೆ ಹೋಗಿ ಬರುತ್ತೆ, ನಮ್ಮ ಗಣೇಶ ಒಂದು ಕಮಾನು ದಾಟೋಕೆ ಇಷ್ಟು ರಂಪ ಯಾಕ್ರಪ್ಪಾ" ಅಂದ್ರಂತೆ. 2022ರ ಏಪ್ರಿಲಲ್ಲಿ, ಹಿಜಾಬ್ ಹಲಾಲ್ ಅಂತ ರಾಜ್ಯವೇ ಕುದೀತಿದ್ದಾಗ, ಕರಗ ದರ್ಗಾಗೆ ಹೋಗಬಾರದು ಅಂತ ಕೆಲವರು ಹಠ ಹಿಡಿದಿದ್ರು. ದೇವಸ್ಥಾನದವರೂ ದರ್ಗಾದವರೂ ಪದ್ಧತಿ ಬಿಡಲ್ಲ ಅಂತ ನಿಂತ್ರು, ರಂಜಾನ್ ತಿಂಗಳಲ್ಲೇ ಕರಗ ಹೋಗಿ ಬಂತು. ತಾತ ಅದನ್ನ ನೆನಪಿಸಿದ ಮೇಲೆ ಸಭೆಲಿ ದನಿಗಳು ಇಳಿದ್ವಂತೆ.

ಶಾಂತಿ ಸಭೆ ಅನ್ನೋದರ ಬಗ್ಗೆ ಆಮೇಲೆ ನಾನು ಸ್ವಲ್ಪ ಓದಿದೆ. ಮಹಾರಾಷ್ಟ್ರದ ಭಿವಂಡಿಲಿ 1970ರಲ್ಲಿ, 1984ರಲ್ಲಿ ಘೋರ ಗಲಭೆ ಆಗಿತ್ತು, 1988ರಲ್ಲಿ ಅಲ್ಲಿಗೆ ಬಂದ ಡಿಸಿಪಿ ಸುರೇಶ್ ಖೋಪಡೆ ಪ್ರತಿ ಮೊಹಲ್ಲಾಗೂ ಎರಡೂ ಧರ್ಮದ ಸಾಮಾನ್ಯ ಜನರ ಕಮಿಟಿ ಮಾಡಿದ್ರು, ದೊಡ್ಡ ಮನುಷ್ಯರದ್ದಲ್ಲ, ಮಗ್ಗದವರು, ಅಂಗಡಿಯವರು, ಗಲಾಟೆ ಇಲ್ಲದಾಗಲೂ ಸೇರ್ತಾ ಇದ್ರು. 1992-93ರಲ್ಲಿ ಪಕ್ಕದ ಮುಂಬೈ ಹತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಗಲಾಟೆ ಇಲ್ಲದಾಗಲೂ ಸೇರೋದು, ಇದೇ ಮುಖ್ಯ. ನಮ್ಮ ಸಂಘ ಗುರುವಾರ ಸೇರಿದ್ದು ನಾಗಮಂಗಲಕ್ಕೋಸ್ಕರ ಅಲ್ಲ, ಕಂತಿಗೋಸ್ಕರ. ಅದಕ್ಕೇ ಅಲ್ಲಿ ಸುಳ್ಳು ಹೇಳೋ ಅಗತ್ಯ ಯಾರಿಗೂ ಇರಲಿಲ್ಲ. ಶಾಂತಿ ಮಾತುಕತೆಲಿ ಹೆಂಗಸರು ಇರಬೇಕು ಅಂತ ವಿಶ್ವಸಂಸ್ಥೆ ಭದ್ರತಾ ಮಂಡಳಿ 2000ನೇ ಇಸವಿಲೇ 1325 ಅನ್ನೋ ನಿರ್ಣಯ ಮಾಡಿದೆ, ಯುವಕರು ಇರಬೇಕು ಅಂತ 2015ರಲ್ಲಿ 2250. ಎಲ್ಲಾ ಧರ್ಮದವರು ಸೇರಿ 1970ರಲ್ಲಿ ಕ್ಯೋಟೋದಲ್ಲಿ ಶುರು ಮಾಡಿದ ರಿಲಿಜನ್ಸ್ ಫಾರ್ ಪೀಸ್ ಸಂಸ್ಥೆಲಿ ಹೆಂಗಸರದ್ದೇ ಒಂದು ಜಾಲ, ಯುವಕರದ್ದೇ ಒಂದು ಜಾಲ ಇದೆ. ಅಷ್ಟು ದೊಡ್ಡ ಕಡೆ ಒಪ್ಪಿಕೊಂಡಿರೋ ಮಾತು ಅವತ್ತು ನಮ್ಮ ಠಾಣೆ ಮೇಜಿಗೆ ಇನ್ನೂ ಬಂದಿರಲಿಲ್ಲ.

ಭಾನುವಾರ ಐದು ಗಂಟೆಗೆ ಹೊರಡಬೇಕಿದ್ದ ಟೆಂಪೋ ಸ್ಟಾರ್ಟೇ ಆಗಲಿಲ್ಲ, ಬ್ಯಾಟರಿ ಡೌನ್. ತಳ್ಳಿ ಸ್ಟಾರ್ಟ್ ಮಾಡಿ ಹೊರಡೋಷ್ಟರಲ್ಲಿ ಆರು ಗಂಟೆ. ಮಸೀದಿ ಹತ್ರ ಬಂದಾಗ ಸರಿಯಾಗಿ ಮಗ್ರಿಬ್ ಅಜಾನ್ ಹೊತ್ತು. ಸಹಿ ಹಾಕಿದ ಪೇಪರಲ್ಲಿ ಲೇಟಾದ್ರೆ ಏನು ಮಾಡಬೇಕು ಅಂತ ಬರೆದಿರಲಿಲ್ಲ. ಪೊಲೀಸರು ಬೇಗ ಬೇಗ ದಾಟಿಸಿ ಅಂತಿದ್ರು, ಸಮಿತಿಯವರಿಗೆ ನಿಲ್ಲಿಸಿದ್ರೆ ಸೋತ ಹಾಗೆ ಅಂತ. ನನ್ನ ತಮ್ಮ ಮತ್ತೆ ಆಪಾ ಮಗ ಮೂಲೆಲಿ ಇಬ್ಬರೇ ನಿಂತು ಏನೋ ಮಾತಾಡ್ಕೊಂಡ್ರು, ಆಪಾ ಮಗ ಮಸೀದಿ ಒಳಗೆ ಓಡಿ ಹೋಗಿ ಬಂದ, ಹದಿನೈದು ನಿಮಿಷ ಸಾಕು ಅಂದ. ತಮ್ಮ ತಮಟೆಯವರಿಗೆ "ಅಣ್ಣಾ, ಟೀ ಕುಡೀರಿ" ಅಂತ ಹೇಳಿ ಟೀ ಅಂಗಡಿಗೆ ಕರ್ಕೊಂಡು ಹೋದ. ತಮಟೆ ನಿಂತ ಮೇಲೆ ಮೆರವಣಿಗೆ ತಾನಾಗೇ ನಿಂತ್ಕೊಳ್ತು, ಯಾರೂ ಯಾರಿಗೂ ಸೋಲಲಿಲ್ಲ. ಆ ಹದಿನೈದು ನಿಮಿಷದಲ್ಲಿ ಹೊರಗಿಂದ ಬಂದಿದ್ದ ಒಬ್ಬ ಹುಡುಗ ಏನೋ ಘೋಷಣೆ ಕೂಗಿದ, ಗಣೇಶ ಸಮಿತಿ ಹುಡುಗರೇ ಅವನನ್ನ ಹೆಗಲ ಮೇಲೆ ಕೈ ಹಾಕಿ ಹಿಂದಕ್ಕೆ ಕರ್ಕೊಂಡು ಹೋದ್ರು. ನಮಾಜ್ ಮುಗಿಸಿ ಹೊರಗೆ ಬಂದವರಲ್ಲಿ ಕೆಲವರು ಹಗ್ಗ ಹಿಡಿದ್ರು, ಶಾಮಿಯಾನದ ಅಣ್ಣ ಆ ಸುಣ್ಣದ ಗುರುತಿನ ಗಳ ಹಿಡ್ಕೊಂಡು ಟೆಂಪೋ ಮುಂದೆ ನಡೆದ್ರು, ಛತ್ರಿ ಕಮಾನಿಗೆ ತಗಲದೆ ದಾಟಿತು.

ಮೆರವಣಿಗೆ ಆಪಾ ಮನೆ ಮುಂದೆ ಹೋಗುವಾಗ ತುಂಬಾ ಜನ ತಲೆ ಎತ್ತಿ ಮಹಡಿ ನೋಡಿದ್ರು. ಖಾಲಿ ಮಹಡಿ. ಅದನ್ನ ಕಿಟಕಿಯಿಂದ ಆಪಾ ಯಜಮಾನರು ನೋಡ್ತಿದ್ರು, ನಾನು ಅವರನ್ನ ನೋಡಿದೆ.

ಉಳಿದಿರೋದು

ಇಷ್ಟನ್ನ ಆ ಹುಡುಗೀರಿಗೆ ಹೇಳಿದ್ದೆ. ಹೇಳದೇ ಬಿಟ್ಟಿದ್ದು ಮುಂದಿಂದು.

ಎರಡು ಸುಳ್ಳು ಓಡಾಡ್ತಿತ್ತು. ಒಂದು ಸುಳ್ಳಿಗೆ ಕ್ಯಾಷಿಯರ್ ಫೋನಲ್ಲಿ "ಇಲ್ಲ" ಅಂದಿದ್ದು ಸಾಕಾಯ್ತು, ಅವರ ಮಾತನ್ನ ಮುಸ್ಲಿಂ ಹೆಂಗಸರೂ ಸೇರಿ ಎಲ್ಲರೂ ನಂಬಿದ್ವಿ. ಇನ್ನೊಂದು ಸುಳ್ಳಿಗೆ ಆಪಾ ಮಾತು ಸಾಕಾಗಲಿಲ್ಲ, ನನ್ನ ಪುಸ್ತಕದಲ್ಲಿ ಬರೆದಿದ್ದು ಸಾಕಾಗಲಿಲ್ಲ, ವಿಡಿಯೋ ಸಾಕಾಗಲಿಲ್ಲ, ಅವರು ಮಧ್ಯರಾತ್ರಿ ತಮ್ಮ ಮನೆ ಮಹಡಿನ ಗುಡಿಸಿ ತೋರಿಸಬೇಕಾಯ್ತು. ಒಳ್ಳೇ ಮನಸ್ಸಿಂದ ಮಾಡಿದ್ವಿ ನಿಜ, ಗಲಾಟೆ ಆಗ್ಲಿಲ್ಲ ಅದೂ ನಿಜ. ಆದ್ರೆ ಆ ಶಾಂತಿಗೆ ದುಡ್ಡು ಕಟ್ಟಿದ್ದು ಒಂದೇ ಮನೆ. ಆ ಜಲ್ಲಿ ಮತ್ತೆ ಮೇಲಕ್ಕೆ ಹೊರಿಸೋಕೆ ಕೂಲಿ ಕೊಟ್ಟಿದ್ದೂ ಅವರೇ, ಸಂಘದಿಂದ ಕೊಡ್ತೀವಿ ಅಂದ್ರೆ ಯಜಮಾನರು ಬೇಡ ಅಂದ್ರು. ಅಮ್ಮ ಹೇಳ್ತಾಳೆ ಅವತ್ತು ಬೇರೆ ದಾರಿ ಇರಲಿಲ್ಲ ಅಂತ. ನನಗೆ ಹಾಗನ್ನಿಸಲ್ಲ. ಜಲ್ಲಿ ಅಲ್ಲೇ ಬಿಟ್ಟು ಭಾನುವಾರ ಸಂಜೆ ನಾವು ಹದಿನಾರು ಜನ ಅದೇ ಮಹಡಿ ಮೇಲೆ ಚಾಪೆ ಹಾಸ್ಕೊಂಡು ಕೂರಬಹುದಿತ್ತು.

ಫೋಟೋ ತೆಗೆದ ಹುಡುಗನ ವಿಷಯಕ್ಕೆ ಈಗಲೂ ನಮ್ಮಲ್ಲಿ ಎರಡು ಮಾತಿದೆ. ಪೊಲೀಸರಿಗೆ ಹೇಳಬೇಕಿತ್ತು ಅನ್ನೋರೂ ಇದಾರೆ. ಹೇಳಲಿಲ್ಲ. ಅವನ ತಾಯಿ ಶನಿವಾರ ಅವನನ್ನ ಆಪಾ ಮನೆಗೆ ಕರ್ಕೊಂಡು ಹೋದ್ರು, ಅವನು ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತ, ಬಾಯಿಂದ ಒಂದು ಮಾತು ಬರಲಿಲ್ಲ. ಆಪಾ ಬೈಯಲೂ ಇಲ್ಲ, ತಬ್ಬಿಕೊಳ್ಳಲೂ ಇಲ್ಲ, "ಕಳಿಸೋ ಮುಂಚೆ ಒಂದ್ಸಲ ನಮ್ಮನೆ ಬಾಗಿಲು ತಟ್ಟಬಾರದಿತ್ತೇನೋ, ಹತ್ತು ಹೆಜ್ಜೆ ಅಲ್ವಾ" ಅಂತ ಕೇಳಿ ಒಳಗೆ ಹೋದ್ರಂತೆ. ಈಗ ಅವನು ಕ್ರಿಕೆಟ್ ಟೀಮಲ್ಲಿ ಆಡ್ತಾನೆ, ಆಪಾ ಮಗನ ಜೊತೆ ಅಷ್ಟಾಗಿ ಮಾತಿಲ್ಲ.

2025ರಲ್ಲೂ ಹಬ್ಬಗಳು ಹತ್ತಿರ ಹತ್ತಿರಾನೇ ಬಂದವು, ಆಗಸ್ಟ್ 27ಕ್ಕೆ ಚೌತಿ, ಸೆಪ್ಟೆಂಬರ್ 5ಕ್ಕೆ ಮಿಲಾದ್, 8ಕ್ಕೆ ಮರಿಯಮ್ಮ. ಅದಕ್ಕೆ ಮುಂಚೆ ಒಂದು ಗುರುವಾರ ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯ ಬರೆದ್ವಿ: ಯಾರ ಮನೆ ಬಗ್ಗೆ ಯಾವ ಸುದ್ದಿ ಬಂದ್ರೂ ಮೊದಲು ಆ ಮನೆಯವರಿಗೆ ಫೋನ್ ಮಾಡೋದು, ಹುಡುಗರ ಗ್ರೂಪಿಂದ ಇಬ್ಬರು ಸಂಘದಿಂದ ಇಬ್ಬರು ಹೋಗಿ ನೋಡೋದು, ಠಾಣೆ ಸಭೆಗೆ ನಮ್ಮಿಂದ ಇಬ್ಬರ ಹೆಸರು ಬರೆದು ಕೊಡೋದು. ಹೆಸರು ಕೊಟ್ವಿ, ಇಡ್ಲಿ ಅಂಗಡಿ ಅಕ್ಕನೂ ಕ್ಯಾಷಿಯರ್ ಹೆಂಡತಿನೂ ಹೋದ್ರು, ಕೊನೇ ಸಾಲಲ್ಲಿ ಕುರ್ಚಿ ಸಿಕ್ತು. ಆಪಾನ ಕೇಳಿದ್ವಿ, ಬರಲ್ಲ ಅಂದ್ರು.

ನಿರ್ಣಯಕ್ಕೆ ಎಲ್ಲರೂ ಸಹಿ ಹಾಕಿದ ಮೇಲೆ ಪುಸ್ತಕ ಆಪಾ ಹತ್ರ ಹೋಯ್ತು. ಅವರು ಕನ್ನಡಕ ಹಾಕ್ಕೊಂಡು ನನ್ನಿಂದ ಪೂರ್ತಿ ಓದಿಸಿದ್ರು, ಪೆನ್ ಹಿಡ್ಕೊಂಡೇ ಸ್ವಲ್ಪ ಹೊತ್ತು ಕೂತಿದ್ರು. "ಇನ್ನೊಂದು ಸಾಲು ಬರಿಯಮ್ಮ" ಅಂದ್ರು. ಏನು ಅಂತ ಕೇಳಿದೆ. "ಯಾರ ಮನೆ ಸಾಮಾನೂ ಇಳಿಸಿ ಅಂತ ಹೇಳೋದಿಲ್ಲ." ಬರೆದೆ. ಆಮೇಲೆ ಅದರ ಕೆಳಗೆ ಉರ್ದುಲಿ, ಬಲಗಡೆಯಿಂದ, ಸಹಿ ಹಾಕಿದ್ರು.